ಗ್ರೂಪು ಯಾರ ನಂಬರಿನಲ್ಲಿದೆ?

ಪೀಣ್ಯದಲ್ಲಿ ಇಪ್ಪತ್ತೆರಡು ಜನ ದುಡಿಯುವ ಒಂದು ಬಿಡಿಭಾಗಗಳ ವರ್ಕ್‌ಶಾಪ್. ಕೊಟೇಶನ್, ಡ್ರಾಯಿಂಗ್, ರಜೆ ಅರ್ಜಿ, ಲಾರಿ ಹೊರಟ ಸುದ್ದಿ, ಬೆಳಗಿನ ಗುಲಾಬಿ ಹೂವು ಎಲ್ಲವೂ ಒಂದೇ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ಅದನ್ನು ಶುರುಮಾಡಿದ್ದು ಸೇಲ್ಸ್ ನೋಡಿಕೊಳ್ಳುತ್ತಿದ್ದ ಹುಡುಗ. ಅವನು ಕೆಲಸ ಬಿಟ್ಟು ಪಕ್ಕದ ರಸ್ತೆಯ ಎದುರಾಳಿಯ ಹತ್ತಿರ ಸೇರಿ ಮೂರು ತಿಂಗಳಾಗಿತ್ತು. ಗ್ರೂಪಿಗೆ ಆಗಲೂ ಅಡ್ಮಿನ್ ಅವನೊಬ್ಬನೇ! ಹೊಸ ರೇಟು ಇಲ್ಲಿ ಬಿದ್ದ ಕ್ಷಣ ಅವನ ಫೋನಿನಲ್ಲೂ ಬೀಳುತ್ತಿತ್ತು. ಮಾಲೀಕರು ನನ್ನನ್ನು ಕರೆಸಿ ಕೇಳಿದ್ದು ಮಾತ್ರ, ‘ಇದಕ್ಕಿಂತ ಒಳ್ಳೆ ಆ್ಯಪ್ ಯಾವುದು ಸಾರ್?’

ಆ ಪ್ರಶ್ನೆಗೆ ಮುಂಚೆ ಮಾಡಬೇಕಾದ ಕೆಲಸಗಳಿವೆ. ಹತ್ತರಿಂದ ಐವತ್ತು ಜನರ ಕಚೇರಿ, ಅಂಗಡಿ ನಡೆಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ಐಟಿಯವರು ಇರುತ್ತಾರೆ.

ಒಂದು ವಾರದ ಮೆಸೇಜು ಓದಿ

ಈಗಿನ ಗ್ರೂಪಿನಲ್ಲಿ ಕಳೆದ ಏಳು ದಿನ ಬಂದದ್ದನ್ನು ಕೂತು ಓದಿ. ಆರು ತಿಂಗಳ ನಂತರ ಇದನ್ನು ಹುಡುಕಬೇಕಾಗುತ್ತದೆಯೇ ಎಂದು ಒಂದೊಂದಕ್ಕೂ ಕೇಳಿಕೊಳ್ಳಿ. ‘ಊಟಕ್ಕೆ ಹೊರಟೆ’ ಬೇಕಿಲ್ಲ. ‘ಪಾರ್ಟಿ 8 ಎಂಎಂ ಬೇಡ, 10 ಮಾಡಿ ಅಂದರು’ ಖಂಡಿತ ಬೇಕು. ಅಂಥವು ಬೆರಳೆಣಿಕೆಯಷ್ಟಿದ್ದರೆ ನಿಮಗೆ ಹೊಸ ಆ್ಯಪ್ ಬೇಡವೇ ಬೇಡ, ಅಡ್ಮಿನ್ ಸರಿಮಾಡಿಕೊಂಡರೆ ಸಾಕು. ಯಾರಿಗೆ ಕಂಪ್ಯೂಟರ್ ಇದೆ, ಯಾರಿಗೆ ಫೋನ್ ಮಾತ್ರ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಕೀಲಿ ಯಾರ ಕೈಯಲ್ಲಿ?

ಎಲ್ಲರೂ ಎಡವುವುದು ಇಲ್ಲೇ. ವಾಟ್ಸ್‌ಆ್ಯಪ್, ಟೆಲಿಗ್ರಾಂ, ಸಿಗ್ನಲ್, ಅರಟ್ಟೈ ಇವೆಲ್ಲ ಮೊಬೈಲ್ ನಂಬರಿನ ಮೇಲೆ ನಿಂತಿವೆ. ಖಾತೆ ನಂಬರಿನವರದು, ಕಚೇರಿಯದಲ್ಲ. ಸ್ಲ್ಯಾಕ್, ಮೈಕ್ರೋಸಾಫ್ಟ್ ಟೀಮ್ಸ್, ಗೂಗಲ್ ಚಾಟ್, ಜೊಹೊ ಕ್ಲಿಕ್‌ಗಳಿಗೆ ಆಧಾರ ಇಮೇಲ್. ಆ ಇಮೇಲ್ ಕಚೇರಿಯದಾಗಿದ್ದರೆ ಖಾತೆಯೂ ಕಚೇರಿಯದು. ಒಬ್ಬರು ಕೆಲಸ ಬಿಟ್ಟ ದಿನ ಖಾತೆ ನಿಲ್ಲಿಸಿದರೆ ಎಲ್ಲ ಗುಂಪುಗಳಿಂದಲೂ ಒಂದೇ ಸಲಕ್ಕೆ ಹೊರಗೆ. ಅವರು ಅಲ್ಲಿ ಬರೆದದ್ದು ನಿಮ್ಮಲ್ಲೇ ಉಳಿಯುತ್ತದೆ.

ನಂಬರಿನ ಆ್ಯಪ್‌ಗಳಲ್ಲಿ ಹಾಗಲ್ಲ. ಐದು ಗ್ರೂಪಿನಲ್ಲಿದ್ದವರನ್ನು ಐದರಿಂದಲೂ ಒಂದೊಂದಾಗಿ ತೆಗೆಯಬೇಕು, ಆರನೆಯದೊಂದು ಮರೆತುಹೋಗಿರುತ್ತದೆ. ತೆಗೆದರೂ ವಾಟ್ಸ್‌ಆ್ಯಪ್‌ನಲ್ಲಿ ಅದುವರೆಗೆ ಅವರ ಫೋನಿಗೆ ಇಳಿದದ್ದು ಅಲ್ಲೇ ಇರುತ್ತದೆ. ಇನ್ನು ಒಬ್ಬನೇ ಅಡ್ಮಿನ್ ಇದ್ದರಂತೂ ಅವನನ್ನು ತೆಗೆಯುವುದು ಯಾರಿಂದಲೂ ಆಗದು. ಅವನಾಗಿ ಹೊರಹೋದರೆ ವಾಟ್ಸ್‌ಆ್ಯಪ್ ಉಳಿದವರಲ್ಲಿ ಯಾರನ್ನೋ ಒಬ್ಬರನ್ನು ತಾನೇ ಅಡ್ಮಿನ್ ಮಾಡುತ್ತದೆ. ಪೀಣ್ಯದಲ್ಲಿ ಅದು ವಾಚ್‌ಮನ್ ಪಾಲಿಗೂ ಬರಬಹುದಿತ್ತು. ಕೊನೆಗೆ ಅಲ್ಲಿ ಹೊಸ ಗ್ರೂಪು ಮಾಡಿ, ಹಳೆಯದಕ್ಕೆ ಇನ್ನು ಏನೂ ಹಾಕಬೇಡಿ ಎಂದು ಒಬ್ಬೊಬ್ಬರಿಗೂ ಬಾಯಲ್ಲೇ ಹೇಳಿದೆವು. ಅದನ್ನು ಗ್ರೂಪಿನಲ್ಲಿ ಹೇಳುವ ಹಾಗೂ ಇರಲಿಲ್ಲವಲ್ಲ! ಹಳೇ ಡ್ರಾಯಿಂಗ್‌ಗಳನ್ನು ಹುಡುಕಿ ಹುಡುಕಿ ಫಾರ್ವರ್ಡ್ ಮಾಡಲು ಆಫೀಸಿನ ಹುಡುಗಿಗೆ ಎರಡು ದಿನ ಹಿಡಿಯಿತು.

ವಾಟ್ಸ್‌ಆ್ಯಪ್‌ನಲ್ಲೇ ಉಳಿಯುವವರು ಇವತ್ತೇ ಕಚೇರಿಯ ಹೆಸರಿನಲ್ಲಿ ಒಂದು ಸಿಮ್ ತೆಗೆದುಕೊಳ್ಳಿ. ಅದನ್ನು ಹಾಕಿದ ಫೋನ್ ಸಂಜೆ ಯಾರ ಜೇಬಿನಲ್ಲೂ ಮನೆಗೆ ಹೋಗಕೂಡದು. ಆ ನಂಬರ್ ಒಂದು ಅಡ್ಮಿನ್, ಮಾಲೀಕರದು ಇನ್ನೊಂದು. ಟು ಸ್ಟೆಪ್ ವೆರಿಫಿಕೇಶನ್ ಪಿನ್ ಹಾಕಿ, ಚೀಟಿಯಲ್ಲಿ ಬರೆದು ಬೀರುವಿನಲ್ಲಿಡಿ. ರೀಚಾರ್ಜ್ ತಪ್ಪಿಸಬೇಡಿ, ರದ್ದಾದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಯವರು ಬೇರೆಯವರಿಗೆ ಕೊಡಬಹುದು. ಇಮೇಲ್ ಆ್ಯಪ್‌ನವರೂ ಬೀಗುವಂತಿಲ್ಲ. ಸ್ಲ್ಯಾಕ್ ಅನ್ನು ಯಾರದೋ ಸ್ವಂತ ಜಿಮೇಲ್‌ನಿಂದ ತೆರೆದಿದ್ದರೆ ಅದೂ ಪೀಣ್ಯದ ಗ್ರೂಪೇ.

ಹಳೆಯದು ಎಲ್ಲಿ ಹೋಗುತ್ತದೆ?

ಸ್ಲ್ಯಾಕ್ ಉಚಿತ ಯೋಜನೆಯಲ್ಲಿ 90 ದಿನಕ್ಕಿಂತ ಹಿಂದಿನದು ಕಾಣುವುದಿಲ್ಲ, ವರ್ಷ ದಾಟಿದ್ದನ್ನು ಅಳಿಸಿಯೇ ಬಿಡುತ್ತಾರೆ. ಸಿಗ್ನಲ್‌ನಲ್ಲಿ ಮೆಸೇಜು ಇರುವುದು ನಿಮ್ಮ ಫೋನಿನಲ್ಲಿ. ಬ್ಯಾಕಪ್ ಮಾಡಿರದಿದ್ದರೆ ಫೋನಿನ ಜೊತೆ ಅದೂ ಹೋಯಿತು. ಆಂಡ್ರಾಯ್ಡ್‌ನಲ್ಲಿ ವಾಟ್ಸ್‌ಆ್ಯಪ್ ಬ್ಯಾಕಪ್ ಗೂಗಲ್ ಖಾತೆಯ ಉಚಿತ 15 ಜಿಬಿಯಲ್ಲೇ ಜಿಮೇಲ್, ಫೋಟೊಗಳ ಜೊತೆ ತೂರಿಕೊಳ್ಳಬೇಕು. ಜಾಗ ತುಂಬಿದರೆ ಬ್ಯಾಕಪ್ ನಿಂತುಹೋಗುತ್ತದೆ, ಯಾರೂ ಗಮನಿಸಿರುವುದಿಲ್ಲ.

ಟೆಲಿಗ್ರಾಂ 2 ಜಿಬಿಯ ಫೈಲನ್ನೂ ಕಳಿಸುತ್ತದೆ ಎಂದು ಅನೇಕರಿಗೆ ಅದರ ಮೇಲೆ ಪ್ರೀತಿ. ಆದರೆ ಅಲ್ಲಿ ಇಬ್ಬರ ನಡುವಿನ ಮಾತನ್ನು ಎದುರಿನವರು ಯಾವಾಗ ಬೇಕಾದರೂ ಎರಡೂ ಕಡೆ ಅಳಿಸಬಹುದು. ‘ನೀವೇ ಹೇಳಿದ್ದಿರಲ್ಲ’ ಎಂದು ತೋರಿಸಲು ಹೋದರೆ ಖಾಲಿ. ಅದು ಪೂರ್ತಿ ಗುಪ್ತ ಎಂಬುದೂ ತಪ್ಪು ತಿಳಿವಳಿಕೆ. ಕಳಿಸಿದವರು, ಪಡೆದವರು ಬಿಟ್ಟು ಕಂಪನಿಯೂ ಓದಲಾಗದ ಗೂಢಲಿಪಿ ಅಲ್ಲಿರುವುದು ಇಬ್ಬರ ‘ಸೀಕ್ರೆಟ್ ಚಾಟ್’ಗೆ ಮಾತ್ರ, ಗ್ರೂಪಿಗಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ 2016ರಿಂದ ಗ್ರೂಪುಗಳಿಗೂ ಇದೆ. ಅದೇ ಬೀಗದಿಂದಾಗಿ ಕಚೇರಿಗೆಂದು ಬೇರೆ ಪ್ರತಿ ಸಿಗುವುದಿಲ್ಲ. ನೌಕರರು ಸ್ವಂತ ಫೋನಿನ ವಾಟ್ಸ್‌ಆ್ಯಪ್‌ನಲ್ಲಿ ವ್ಯವಹಾರ ಮಾತಾಡಿದ್ದರ ದಾಖಲೆ ಇಟ್ಟಿರಲಿಲ್ಲವೆಂದು ಅಮೆರಿಕದಲ್ಲಿ ಜೆಪಿ ಮೋರ್ಗನ್ 2021ರ ಡಿಸೆಂಬರ್‌ನಲ್ಲಿ 20 ಕೋಟಿ ಡಾಲರ್ ದಂಡ ತೆತ್ತಿತು. ನಮ್ಮ ವರ್ಕ್‌ಶಾಪುಗಳಿಗೆ ಅಂಥ ದಂಡ ಬೀಳದು. ಪಾರ್ಟಿ ಜೊತೆಗಿನ ಜಗಳದಲ್ಲಿ ಸೋಲುವುದಂತೂ ಇದ್ದೇ ಇದೆ.

ಎರಡು ವಾರ ಪರೀಕ್ಷೆ

ನಾಲ್ಕು ಜನರನ್ನು ಆರಿಸಿ. ಹೊಸ ಆ್ಯಪ್ ಅಂದರೆ ಗೊಣಗುವವರು ಅವರಲ್ಲಿ ಒಬ್ಬರಾದರೂ ಇರಲಿ, ತೊಡಕು ತೋರಿಸಿಕೊಡುವುದು ಅವರೇ. ಕನ್ನಡದಲ್ಲಿ ಒಂದು ಸಾಲು ಬರೆದು ಮರುದಿನ ಅದರ ಒಂದು ಪದ ಹುಡುಕಿ ನೋಡಿ. ನುಡಿಯ ಹಳೇ ಫಾಂಟಿನ ಪತ್ರದಿಂದ ನಕಲು ಮಾಡಿ ಅಂಟಿಸಿದರೆ ಯಾವ ಆ್ಯಪ್‌ನಲ್ಲೂ ಅಕ್ಷರ ಚೆಲ್ಲಾಪಿಲ್ಲಿ. ಯೂನಿಕೋಡ್‌ಗೆ ಬದಲಿಸಿಯೇ ಹಾಕಬೇಕು. ಕೊನೆಯ ದಿನ ನಾಲ್ವರಲ್ಲಿ ಒಬ್ಬರು ಕೆಲಸ ಬಿಟ್ಟರು ಎಂದು ಆಟ ಕಟ್ಟಿ, ಅವರನ್ನು ಹೊರಗೆ ಕಳಿಸಿ. ಎಷ್ಟು ಹೊತ್ತು ಹಿಡಿಯಿತು, ಏನು ಅವರ ಫೋನಿನಲ್ಲೇ ಉಳಿಯಿತು ನೋಡಿ. ಯಾವ ಜಾಹೀರಾತೂ ಇದನ್ನು ನಿಮಗೆ ಹೇಳುವುದಿಲ್ಲ.

ಖರ್ಚು

ಜಾಗ ಮುಗಿಯುತ್ತಾ ಬಂತು, ಚುಟುಕಾಗಿ ಹೇಳುತ್ತೇನೆ. ಕಚೇರಿ ಇಮೇಲ್ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿದ್ದರೆ ಗೂಗಲ್ ಚಾಟ್‌ಗೆ ಆಗಲೇ ದುಡ್ಡು ಕೊಡುತ್ತಿದ್ದೀರಿ. ಮೈಕ್ರೋಸಾಫ್ಟ್ 365 ಇದ್ದರೆ ಟೀಮ್ಸ್ ಸೇರಿದೆಯೇ ಎಂದು ಬಿಲ್ಲು ನೋಡಿ. ಎರಡೂ ಇಲ್ಲದವರು ಚೆನ್ನೈನ ಜೊಹೊ ಕ್ಲಿಕ್‌ನ ಉಚಿತ ಯೋಜನೆಯಿಂದ ಶುರುಮಾಡಬಹುದು. ಶುಲ್ಕ ತಲೆಲೆಕ್ಕ, ಆದ್ದರಿಂದ ಎಲ್ಲರನ್ನೂ ಸೇರಿಸಬೇಡಿ. ಪೀಣ್ಯದಲ್ಲಿ ಆಫೀಸಿನ ಏಳು ಜನರನ್ನು ಇಮೇಲ್ ಆ್ಯಪ್‌ಗೆ ಹಾಕಿದೆವು, ಮಿಷನ್ ಮೇಲಿನ ಹದಿನೈದು ಮಂದಿ ಕಚೇರಿ ಸಿಮ್‌ನ ವಾಟ್ಸ್‌ಆ್ಯಪ್‌ನಲ್ಲೇ ಉಳಿದರು.

ಹೊಸದು ಶುರುವಾದ ದಿನವೇ ಹಳೇ ಗ್ರೂಪಿನ ಸೆಟ್ಟಿಂಗ್‌ನಲ್ಲಿ ಅಡ್ಮಿನ್ ಮಾತ್ರ ಮೆಸೇಜು ಹಾಕುವಂತೆ ಮಾಡಿ. ಇಲ್ಲವಾದರೆ ವಾರದೊಳಗೆ ಎಲ್ಲರೂ ಅಲ್ಲಿಗೇ ವಾಪಸ್.