ಕಡಲದಂಡೆಯ ಕುಟೀರ ಮತ್ತು ಇಪ್ಪತ್ತೈದು ವರ್ಷಗಳ ಸದಸ್ಯತ್ವ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ಪಟ್ಟಣದ ಮೂಲಕ ಹಾದುಹೋಗುವ ವಿಜಯಪುರ–ಗುಹಾಗರ ಹೆದ್ದಾರಿಯು ಬಯಲುಸೀಮೆಯನ್ನು ಕೊಂಕಣದ ಕಡಲಿಗೆ ನೇರವಾಗಿ ಜೋಡಿಸುವ ರಸ್ತೆಯಾಗಿದ್ದು, ವಿಟಾ, ಕರಾಡ, ಪಾಟಣಗಳನ್ನು ದಾಟಿ, ಕುಂಭಾರ್ಲಿ ಘಾಟಿನಲ್ಲಿ ಸಹ್ಯಾದ್ರಿಯನ್ನು ಇಳಿದು, ಚಿಪಳೂಣದ ಮೂಲಕ ರತ್ನಾಗಿರಿ ಜಿಲ್ಲೆಯ ಗುಹಾಗರದಲ್ಲಿ ಸಮುದ್ರವನ್ನು ಮುಟ್ಟುತ್ತದೆ. ಜತ್ತ ತಾಲ್ಲೂಕಿನ ಉಮದಿ, ಸಂಖ ಭಾಗದ ಕನ್ನಡ ಮನೆತನಗಳಿಗೆ ಪ್ರವಾಸವೆಂದರೆ ಬಹುಕಾಲ ಗುಡ್ಡಾಪುರದ ದಾನಮ್ಮದೇವಿಯ ದರ್ಶನ, ಪಂಢರಪುರ, ಕೊಲ್ಹಾಪುರ ಇಷ್ಟೇ ಆಗಿತ್ತು. ದ್ರಾಕ್ಷಿ ಮತ್ತು ದಾಳಿಂಬೆ ಕೈಹಿಡಿದ ಮೇಲೆ ಮಕ್ಕಳಿಗೆ ಕಡಲು ತೋರಿಸಬೇಕೆಂಬ ಆಸೆಯೂ ಮನೆಗಳೊಳಗೆ ಬಂದಿತು. ಈ ಆಸೆ ನ್ಯಾಯವಾದದ್ದು. ಅದಕ್ಕೆ ಎಷ್ಟು ಹಣ ತೆರಬೇಕು, ಯಾವ ಬಗೆಯಲ್ಲಿ ತೆರಬೇಕು ಎಂಬುದಷ್ಟೇ ಇಲ್ಲಿ ವಿಚಾರಿಸಬೇಕಾದ ಸಂಗತಿ.

ಪ್ರಸ್ತುತ ಲೇಖಕರ ಬಂಧುಬಳಗದ ಒಂದು ದ್ರಾಕ್ಷಿ ಬೆಳೆಗಾರ ಮನೆತನವು ಒಣದ್ರಾಕ್ಷಿ ಮಾರಿದ ಹಣ ಕೈಸೇರಿದ ವರ್ಷವೇ ಒಂದು ಪ್ರವಾಸಿ ಕ್ಲಬ್ಬಿನ ಸದಸ್ಯತ್ವವನ್ನು ಕೊಂಡಿತು. ಪ್ರವಾಸಿ ಕ್ಲಬ್ಬಿನ ಸದಸ್ಯತ್ವವೆಂದರೆ ದೊಡ್ಡ ಮೊತ್ತವೊಂದನ್ನು ಮುಂಗಡವಾಗಿ ಕಟ್ಟಿ, ಮುಂದಿನ ಇಪ್ಪತ್ತೈದು ವರ್ಷ, ವರ್ಷಕ್ಕೆ ಏಳು ರಾತ್ರಿ, ಆ ಸಂಸ್ಥೆಯ ರೆಸಾರ್ಟುಗಳಲ್ಲಿ ತಂಗುವ ಹಕ್ಕನ್ನು ಪಡೆಯುವ ಕರಾರು. ಇದರ ಜೊತೆಗೆ ನಿರ್ವಹಣೆಗೆಂದು ಪ್ರತಿವರ್ಷ ವಾರ್ಷಿಕ ಶುಲ್ಕವನ್ನೂ ಕಟ್ಟಬೇಕಾಗುತ್ತದೆ. ಆ ಮನೆತನ ಕಟ್ಟಿದ ಮೊತ್ತಗಳನ್ನು ಲೆಕ್ಕದ ಅನುಕೂಲಕ್ಕಾಗಿ ದುಂಡಾಗಿಸಿದರೆ ಮುಂಗಡ 3,00,000 ರೂಪಾಯಿ, ವಾರ್ಷಿಕ ಶುಲ್ಕ 15,000 ರೂಪಾಯಿ ಆಗುತ್ತದೆ.

ಮಾರಾಟಗಾರನು ಕಾಗದದ ಮೇಲೆ ಬರೆದು ತೋರಿಸಿದ ಲೆಕ್ಕ ಸರಳವಾಗಿತ್ತು: ಇಪ್ಪತ್ತೈದು ವರ್ಷಕ್ಕೆ 175 ರಾತ್ರಿ, ಮೂರು ಲಕ್ಷವನ್ನು ಅದರಿಂದ ಭಾಗಿಸಿದರೆ ರಾತ್ರಿಗೆ 1,714 ರೂಪಾಯಿ. ಈ ಲೆಕ್ಕದಲ್ಲಿ ಎರಡು ಖರ್ಚುಗಳು ಬಿಟ್ಟುಹೋಗಿವೆ. ಮೊದಲನೆಯದು ವಾರ್ಷಿಕ ಶುಲ್ಕ. 15,000ವನ್ನು ಏಳರಿಂದ ಭಾಗಿಸಿದರೆ ರಾತ್ರಿಗೆ 2,143 ರೂಪಾಯಿ ಬೀಳುತ್ತದೆ. ಎರಡನೆಯದು ಮುಂಗಡದ ಹಣಕ್ಕೆ ಸಿಗದೆ ಹೋದ ಬಡ್ಡಿ, ಅಂದರೆ ಅದೇ ಹಣ ಬೇರೆಡೆ ಇದ್ದಿದ್ದರೆ ಗಳಿಸುತ್ತಿದ್ದ ಅಥವಾ ಉಳಿಸುತ್ತಿದ್ದ ಮೊತ್ತ. ಇದನ್ನು ಅವಕಾಶ ವೆಚ್ಚವೆಂದು ಕರೆಯುತ್ತಾರೆ. ಶೇ. 7ರ ದರದಲ್ಲಿ ಮೂರು ಲಕ್ಷವನ್ನು ಇಪ್ಪತ್ತೈದು ವರ್ಷಗಳ ಸಮಾನ ಕಂತುಗಳಾಗಿ ಹಂಚಿದರೆ ವರ್ಷಕ್ಕೆ 25,743 ರೂಪಾಯಿ ಆಗುತ್ತದೆ. ಇದಕ್ಕೆ ವಾರ್ಷಿಕ ಶುಲ್ಕವನ್ನು ಕೂಡಿಸಿದರೆ 40,743. ಏಳೂ ರಾತ್ರಿ ತಪ್ಪದೆ ತಂಗಿದರೆ ರಾತ್ರಿಗೆ 5,820 ರೂಪಾಯಿ, ನಾಲ್ಕೇ ರಾತ್ರಿ ತಂಗಿದರೆ 10,186 ರೂಪಾಯಿ. ಕಾಗದದ ಮೇಲಿನ 1,714 ಎಲ್ಲಿ, ಈ ಅಂಕಿ ಎಲ್ಲಿ!

ಶೇ. 7 ಎಂಬ ದರವನ್ನು ಸುಮ್ಮನೆ ಆರಿಸಿದ್ದಲ್ಲ. ಮೂರು ಲಕ್ಷದವರೆಗಿನ ಬೆಳೆಸಾಲದ ಮೂಲ ಬಡ್ಡಿದರ ಅದೇ ಆಗಿದ್ದು, ಗಡುವಿನೊಳಗೆ ಮರುಪಾವತಿಸಿದವರಿಗೆ ಕೇಂದ್ರ ಸರ್ಕಾರದ ಶೇ. 3ರ ರಿಯಾಯಿತಿಯೂ, ಉಳಿದ ಭಾಗಕ್ಕೆ ಮಹಾರಾಷ್ಟ್ರದ ಡಾ. ಪಂಜಾಬರಾವ್ ದೇಶಮುಖ್ ಬಡ್ಡಿ ರಿಯಾಯಿತಿ ಯೋಜನೆಯ ನೆರವೂ ದೊರೆಯುವುದರಿಂದ ರೈತನಿಗೆ ಆ ಸಾಲ ಬಡ್ಡಿಯಿಲ್ಲದೆ ಸಿಕ್ಕಂತಾಗುತ್ತದೆ. ಸಾಲ ತೀರಿಸಬೇಕಾದ ಹಣವನ್ನು ಸದಸ್ಯತ್ವಕ್ಕೆ ಸುರಿದು ಗಡುವು ತಪ್ಪಿಸಿಕೊಂಡವನು ಒಂದೇ ವರ್ಷದಲ್ಲಿ 21,000 ರೂಪಾಯಿ ಬಡ್ಡಿಯನ್ನು ತಾನಾಗಿ ತಲೆಯ ಮೇಲೆ ಎಳೆದುಕೊಳ್ಳುತ್ತಾನೆ.

ಇದಕ್ಕೆ ಎದುರಾಗಿ ಗುಹಾಗರ, ವೇಳಣೇಶ್ವರ, ಗಣಪತಿಪುಳೆಗಳ ತೀರದಲ್ಲಿ ಮನೆಯವರೇ ನಡೆಸುವ ಸಣ್ಣ ಕಾಟೇಜುಗಳಿವೆ. ಇಂಥ ಮನೆಗಳಿಗಾಗಿ ಮಹಾರಾಷ್ಟ್ರದಲ್ಲಿ ವಸತಿ ಮತ್ತು ಬೆಳಗಿನ ಉಪಾಹಾರದ ‘ನಿವಾಸ ನ್ಯಾಹಾರಿ’ ಎಂಬ ಸರ್ಕಾರಿ ಯೋಜನೆಯಿದೆ. ತೆಂಗು, ಅಡಿಕೆಯ ತೋಟದ ನಡುವೆ ಜಂಬಿಟ್ಟಿಗೆಯ ಗೋಡೆ, ಕೆಂಪು ಹೆಂಚಿನ ಮಾಡು, ಒಳಗೆ ಎರಡು ಮಂಚ, ಸೊಳ್ಳೆಪರದೆ, ಒಂದು ಫ್ಯಾನು, ಹೊರಗೆ ಒದ್ದೆ ಬಟ್ಟೆ ಹರವಲು ಕಟ್ಟಿದ ಹಗ್ಗ. ಮಧ್ಯಾಹ್ನದ ಊಟಕ್ಕೆ ಎಷ್ಟು ಜನ, ಶಾಕಾಹಾರವೋ ಮೀನೋ ಎಂಬುದನ್ನು ಬೆಳಗ್ಗೆಯೇ ಹೇಳಿದರಾಯಿತು, ಮನೆಯಾಕೆ ಅಷ್ಟೇ ಅಡುಗೆ ಮಾಡುತ್ತಾಳೆ. ಶಾಕಾಹಾರಿಗಳಾದ ಜತ್ತದ ಲಿಂಗಾಯತ ಮನೆತನಗಳಿಗೆ ಇದು ದೊಡ್ಡ ಅನುಕೂಲ. ಮನೆಯಿಂದ ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಅಂಗಳದಲ್ಲಿ ಕುಳಿತು ತಿಂದರೆ ಬೇಡವೆನ್ನುವವರಿಲ್ಲ. ಆ ಕ್ಲಬ್ಬಿನ ರೆಸಾರ್ಟಿನಲ್ಲಿಯಾದರೋ ಕೋಣೆಯಷ್ಟೇ ಸದಸ್ಯತ್ವಕ್ಕೆ ಸೇರಿದ್ದು, ಊಟವನ್ನು ಅಲ್ಲಿಯ ದರಕ್ಕೇ ಕೊಳ್ಳಬೇಕಾಯಿತು.

ಇಂಥ ಕೋಣೆಗೆ ರಾತ್ರಿಗೆ 2,000 ರೂಪಾಯಿ ಎಂದು ಹಿಡಿಯೋಣ. ತೆರಿಗೆಯ ಭಾರವೂ ದೊಡ್ಡದಲ್ಲ: 7,500 ರೂಪಾಯಿಯವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ವರ್ಷದ ವಹಿವಾಟು 20 ಲಕ್ಷ ಮೀರದ ಮನೆಯವರು ಸಾಮಾನ್ಯವಾಗಿ ನೋಂದಣಿಯನ್ನೇ ಮಾಡಿಸಬೇಕಾಗಿಲ್ಲದ ಕಾರಣ, ಅವರಿಗೆ ನೇರವಾಗಿ ಫೋನು ಮಾಡಿ ಕೋಣೆ ಹಿಡಿದರೆ ಅದೂ ಬೀಳುವುದಿಲ್ಲ.

ಮುಂದೆ ಬಾಡಿಗೆ ಏರುತ್ತದೆ, ಸದಸ್ಯತ್ವವು ಇಂದಿನ ಬೆಲೆಯನ್ನೇ ಕಟ್ಟಿಹಾಕುತ್ತದೆ ಎಂಬುದು ಮಾರಾಟಗಾರರ ಮುಖ್ಯ ವಾದ. ಬಾಡಿಗೆ ಏರುವುದು ನಿಜ, ವರ್ಷಕ್ಕೆ ಶೇ. 6ರಂತೆ ಏರಿದರೆ ಇಂದಿನ 2,000 ರೂಪಾಯಿ ಇಪ್ಪತ್ತೈದನೆಯ ವರ್ಷಕ್ಕೆ ಸುಮಾರು 8,100 ಆಗುತ್ತದೆ. ಆದರೆ ವಾರ್ಷಿಕ ಶುಲ್ಕವನ್ನು ಏರಿಸುವ ಹಕ್ಕನ್ನು ಕರಾರು ಸಂಸ್ಥೆಗೇ ಕೊಟ್ಟಿದ್ದು, ಅದೂ ಶೇ. 6ರಂತೆ ಏರಿದರೆ 15,000 ಎಂಬುದು 60,000ವನ್ನು ಮೀರುತ್ತದೆ. ಮುಂಗಡದ ಕಂತನ್ನೂ ಕೂಡಿಸಿ ಏಳು ರಾತ್ರಿಗೆ ಹಂಚಿದರೆ ಆ ವರ್ಷ ಸದಸ್ಯನ ರಾತ್ರಿಯ ಖರ್ಚು 12,354 ರೂಪಾಯಿ. ಬೆಲೆ ಕಟ್ಟಿಹಾಕಿದ್ದೇವೆ ಎನ್ನುವವರು ಈ ಒಂದು ಷರತ್ತನ್ನು ಸಣ್ಣ ಅಕ್ಷರದಲ್ಲಿ ಮುದ್ರಿಸುವುದೇಕೆ? ಕೇಳಿದವರಿಗಷ್ಟೇ ಹೇಳುವ ಷರತ್ತುಗಳಿರುವ ಯಾವ ಕರಾರನ್ನೂ ರೈತ ನಂಬಬಾರದು.

ಹಣಕ್ಕಿಂತ ಗಂಭೀರವಾದ ಅಡಚಣೆ ಕಾಲದ್ದು. ದ್ರಾಕ್ಷಿತೋಟದಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ ಇರುತ್ತದೆ: ಬಳ್ಳಿಯನ್ನು ಹೊಸದಾಗಿ ಚಿಗುರಿಸಲು ಏಪ್ರಿಲ್‌ನಲ್ಲೊಮ್ಮೆ, ಹಣ್ಣಿಗಾಗಿ ಅಕ್ಟೋಬರ್‌ನಲ್ಲೊಮ್ಮೆ. ಶಾಲೆಗಳಿಗೆ ರಜೆ ಇರುವುದು ದೀಪಾವಳಿ ಮತ್ತು ಮೇ ತಿಂಗಳಲ್ಲಿ. ಆ ಎರಡೂ ಹೊತ್ತಿನಲ್ಲಿ ತೋಟ ಯಜಮಾನನನ್ನು ಬೇಡುತ್ತದೆ, ಕ್ಲಬ್ಬುಗಳೂ ಆ ವಾರಗಳನ್ನು ಅತ್ಯಂತ ದುಬಾರಿ ವರ್ಗದಲ್ಲಿಟ್ಟು ತಿಂಗಳುಗಟ್ಟಲೆ ಮೊದಲೇ ಕಾಯ್ದಿರಿಸಲು ಹೇಳುತ್ತವೆ. ಅಕ್ಟೋಬರ್‌ನಲ್ಲಿ ಅಕಾಲಿಕ ಮಳೆ ಬಂದು ದವಣಿ ರೋಗ ಬಿದ್ದರೆ ಔಷಧ ಹೊಡೆಯುವುದನ್ನು ಬಿಟ್ಟು ಯಾರು ಕಡಲಿಗೆ ಹೋದಾರು? ಕಾಟೇಜಿಗಾದರೆ ಬುಧವಾರ ಫೋನು ಮಾಡಿ ಗುರುವಾರ ಹೊರಡಬಹುದು, ಜನಸಂದಣಿಯಿಲ್ಲದ ದಿನಗಳಲ್ಲಿ ದರವೂ ಇಳಿಯುತ್ತದೆ.

ಔಷಧದ ಬಾಟಲಿಗೆ ಐವತ್ತು ರೂಪಾಯಿ ಕಡಿಮೆ ಮಾಡಿಸಲು ಮೂರು ಅಂಗಡಿ ತಿರುಗುವ ಮನೆಯ ಯಜಮಾನರು ಮೂರು ಲಕ್ಷದ ಕರಾರಿಗೆ ಹೋಟೆಲಿನ ಸಭಾಂಗಣದಲ್ಲಿ, ಕ್ಲಬ್ಬಿನವರ ಉಡುಗೊರೆಯ ಕುಕ್ಕರ್ ಕೈಗೆ ಬಂದ ಹೊತ್ತಿನಲ್ಲಿ ಸಹಿ ಹಾಕುವುದು ನೋವಿನ ಸಂಗತಿ. ಮನೆಯ ಹೆಣ್ಣುಮಕ್ಕಳನ್ನು ಕೇಳಿದ್ದರೆ, ಒಂದು ರಾತ್ರಿ ಕಾಗದವನ್ನು ಮನೆಗೆ ತಂದು ಓದಿದ್ದರೆ, ಈ ನಿರ್ಧಾರ ಆಗುತ್ತಿರಲಿಲ್ಲ. ಒಣದ್ರಾಕ್ಷಿಯ ಹಣ ಬಂದ ದಿನವೇ ಬೆಳೆಸಾಲಕ್ಕೆ ಎತ್ತಿಟ್ಟು, ಉಳಿದುದರಲ್ಲಿ 15,000 ರೂಪಾಯಿಯನ್ನು ಪ್ರವಾಸಕ್ಕೆಂದು ಬೇರೆ ಖಾತೆಗೆ ಹಾಕುವ ರೂಢಿಯನ್ನು ಪ್ರತಿ ಮನೆಯೂ ಮಾಡಿಕೊಳ್ಳಬೇಕು. ಆ ಮೊತ್ತದಲ್ಲಿ ನಾಲ್ಕು ರಾತ್ರಿಯ ಬಾಡಿಗೆ 8,000 ಕಳೆದು ಊಟಕ್ಕೂ ಡೀಸೆಲ್ಲಿಗೂ 7,000 ಉಳಿಯುತ್ತದೆ.

ಈಗಾಗಲೇ ಹಣ ಕಟ್ಟಿದವರ ಪ್ರಶ್ನೆ ಬೇರೆ. ಮರಳಿ ಬಾರದ ಹಣವನ್ನು ಮುಳುಗಿದ ವೆಚ್ಚವೆನ್ನುತ್ತಾರೆ. ಮುಂದಿನ ನಿರ್ಧಾರದಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಮೂರು ಲಕ್ಷವನ್ನು ಪೂರ್ತಿಯಾಗಿ ಮರೆತರೂ, ವಾರ್ಷಿಕ ಶುಲ್ಕವೊಂದೇ ಏಳು ರಾತ್ರಿಗೆ ತಲಾ 2,143, ನಾಲ್ಕು ರಾತ್ರಿಗೆ ತಲಾ 3,750 ರೂಪಾಯಿ ಆಗುವುದರಿಂದ ಕಾಟೇಜೇ ಅಗ್ಗವಾಗಿ ಉಳಿಯುತ್ತದೆ. ಆ ಮನೆತನವು ಈಗ ಸದಸ್ಯತ್ವವನ್ನು ಬಿಟ್ಟುಕೊಡುವ ಷರತ್ತುಗಳನ್ನು ಬರಹದಲ್ಲಿ ಕೇಳಿದೆ. ಉತ್ತರ ಬರುವವರೆಗೆ ಹೊಸ ಶುಲ್ಕ ಕಟ್ಟದಿರಲು ನಿರ್ಧರಿಸಿದೆ.