ಬೆಳೆಯ ರೋಗ ಹೇಳುವ ಯಂತ್ರ

ಎಲೆಯ ಚಿತ್ರ ತೆಗೆದರೆ ರೋಗದ ಹೆಸರು ಹೇಳುವ ಮೊಬೈಲು ಈಗ ನಿಮ್ಮ ಜೇಬಿನಲ್ಲೇ ಇರಬಹುದು. ಅದನ್ನು ನಂಬಿ ಔಷಧ ಸಿಂಪಡಿಸುವ ಮುನ್ನ, ಯಂತ್ರ ಈ ವಿದ್ಯೆ ಕಲಿತ ಬಗೆಯನ್ನು ತಿಳಿಯುವುದು ಲೇಸು.

'ಕೃತಕ ಬುದ್ಧಿಮತ್ತೆ' ಎಂಬ ಹೆಸರು 1956ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ನಡೆದ ಸಮಾವೇಶದೊಡನೆ ರೂಢಿಗೆ ಬಂತು. 1980ರಲ್ಲಿ ಅದೇ ದೇಶದ ಇಲಿನಾಯ್ ವಿಶ್ವವಿದ್ಯಾನಿಲಯದ ಮಿಖಾಲ್‌ಸ್ಕಿ ಮತ್ತು ಚಿಲೌಸ್ಕಿ ಎಂಬುವರು ಸೋಯಾ ಅವರೆಯ 15 ರೋಗಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಮೊದಲು ಸಸ್ಯರೋಗ ತಜ್ಞರನ್ನು ಕೇಳಿ, ಅವರು ಹೇಳಿದ್ದನ್ನು ನಿಯಮಗಳಾಗಿ ಬರೆದು ಗಣಕಯಂತ್ರಕ್ಕೆ ಕೊಟ್ಟರು. ಬಳಿಕ, ರೋಗ ಖಚಿತವಾಗಿ ತಿಳಿದಿದ್ದ 290 ಗಿಡಗಳ ವಿವರವನ್ನಷ್ಟೇ ಕೊಟ್ಟು, ನಿಯಮಗಳನ್ನು ಯಂತ್ರವೇ ಕಂಡುಕೊಳ್ಳಲು ಬಿಟ್ಟರು. ಬೇರೆ 340 ಗಿಡಗಳ ಮೇಲೆ ಪರೀಕ್ಷಿಸಿದಾಗ ತಜ್ಞರ ನಿಯಮಗಳು ಶೇಕಡ 71.8ರಷ್ಟು, ಯಂತ್ರದ ನಿಯಮಗಳು ಶೇಕಡ 97.6ರಷ್ಟು ಸರಿಯಾದವು. ತಜ್ಞರು ದಡ್ಡರೆಂದಲ್ಲ. ಮಣ್ಣಿನ ಹದ ನಿಮ್ಮ ಕೈಗೆ ಗೊತ್ತು. ಅದನ್ನು ಬರೆದುಕೊಡಿ ಎಂದರೆ ನೀವೂ ತಡವರಿಸುತ್ತೀರಿ.

ಗಮನಿಸಬೇಕಾದ್ದು ಇನ್ನೊಂದಿದೆ. ಆ ಯಂತ್ರಕ್ಕೆ ಪ್ರತಿ ಗಿಡದ ಬಗ್ಗೆ 35 ವಿವರಗಳನ್ನು ಕೊಟ್ಟಿದ್ದರು: ಯಾವ ತಿಂಗಳು, ಮಳೆ ಎಷ್ಟು, ಹಿಂದೆ ಯಾವ ಬೆಳೆ, ಎಲೆ, ಕಾಂಡ, ಕಾಯಿ, ಬೇರು ಹೇಗಿವೆ ಎಂದೆಲ್ಲ.

2016ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ಯಂತ್ರಕ್ಕೆ ಬರೀ ಎಲೆಯ ಚಿತ್ರ ಸಾಕಾಯಿತು. 14 ಬೆಳೆಗಳ 54,306 ಚಿತ್ರಗಳ ಒಂದು ಭಾಗದಿಂದ ಕಲಿಸಿ, ಉಳಿದವುಗಳಿಂದ ಪರೀಕ್ಷಿಸಿದಾಗ ಶೇಕಡ 99ಕ್ಕೂ ಮಿಕ್ಕಿ ಸರಿ ಹೇಳಿತು. ಆದರೆ ಅವು ಕಿತ್ತ ಎಲೆಯನ್ನು ಕಾಗದದ ಮೇಲಿಟ್ಟು ತೆಗೆದ ಚಿತ್ರಗಳು. ಬೇರೆ ಪರಿಸ್ಥಿತಿಯಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಫಲಿತಾಂಶ ಶೇಕಡ 31ರ ಆಸುಪಾಸಿಗೆ ಕುಸಿಯಿತು. ಆ 14ರಲ್ಲಿ ಟೊಮೆಟೊ, ಆಲೂಗಡ್ಡೆ, ಮುಸುಕಿನ ಜೋಳ ಇದ್ದವು. ಭತ್ತ, ರಾಗಿ, ಅಡಿಕೆ ಇರಲಿಲ್ಲ. ಅಂಥ ಯಂತ್ರಕ್ಕೆ ರಾಗಿಯ ಎಲೆ ತೋರಿಸಿದರೂ, ತಾನು ಬಲ್ಲ ಹೆಸರುಗಳಲ್ಲೇ ಒಂದನ್ನು ಹೇಳಿಬಿಡುತ್ತದೆ!

ಪೊಟ್ಯಾಷ್ ಕೊರತೆಯಿಂದಲೂ ಎಲೆಯಂಚು ಸುಟ್ಟಂತಾಗುತ್ತದೆ. ಅದಕ್ಕೆ ಶಿಲೀಂಧ್ರನಾಶಕ ಸಿಂಪಡಿಸಿದರೆ ಹಣ ವ್ಯರ್ಥ. ಆದ್ದರಿಂದ ಮೊಬೈಲು ಹೆಸರು ಹೇಳಿದ ಮೇಲೂ ಒಂದು ಗಿಡವನ್ನು ಬೇರು ಸಮೇತ ಕಿತ್ತು ನೋಡಿ, ಕಾಂಡವನ್ನು ಸೀಳಿ ನೋಡಿ. ರೋಗ ಹೊಲದಲ್ಲೆಲ್ಲ ಇದೆಯೋ, ತಗ್ಗಿನಲ್ಲಿ ಮಾತ್ರವೋ, ಹಿಂದಿನ ಬೆಳೆ ಯಾವುದು, ಯಾವ ಗೊಬ್ಬರ ಎಷ್ಟು ಹಾಕಿದಿರಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು, ಗಿಡದೊಂದಿಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತನ್ನಿ.