ಬೆಳ್ಳಿ ಬಿಲ್ಲೆಯ ಮೇಲೆ ಯಾರ ಅಕ್ಷರ?

ತಮ್ಮಾ, ಈ ಸಲ ಕೈಲ್‌ಪೊಳ್ದ್ ಹಬ್ಬಕ್ಕೆ ಕೊಡಗಿನ ಊರಿಗೆ ಹೋದಾಗ ಅಜ್ಜನ ಕೇಪಿನ ಕೋವಿಯ ಬೆಳ್ಳಿ ಬಿಲ್ಲೆಯ ಮೇಲೆ ನಿನ್ನ ಹೆಸರಿನ ಮೊದಲಕ್ಷರಗಳನ್ನು ಕೆತ್ತಿಸಬೇಕೆಂದಿದ್ದೀಯೆ ಎಂದು ಕೇಳಿ ನನಗೆ ಸಂತೋಷವಾಯಿತು. ಕತಾರಿನ ಮೆಸಯೀದ್‌ನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಹುಡುಗರು ಊರಿನ ಮನೆಗೆ ಹೊಸದನ್ನು ಒಯ್ಯಲು ಯೋಚಿಸುತ್ತಾರೆ. ಅಲ್ಲಿರುವ ಹಳೆಯದಕ್ಕೆ ಏನು ಮಾಡಬೇಕೆಂದು ಯೋಚಿಸುವವರು ಕಡಿಮೆ. ನೀನು ಯೋಚಿಸಿದ್ದೀಯೆ. ಆದರೆ ಬೆಳ್ಳಿಗೆ ಉಳಿ ತಾಗುವ ಮೊದಲು ನನ್ನ ನಾಲ್ಕು ಮಾತು ಕೇಳಿಸಿಕೋ. ಕೆತ್ತಿದ ಅಕ್ಷರವನ್ನು ಅಳಿಸಬೇಕಾದರೆ ಬೆಳ್ಳಿಯನ್ನೇ ತೇಯಬೇಕಾಗುತ್ತದೆ, ಆ ಬಿಲ್ಲೆಯ ದಪ್ಪವೋ ಹೆಚ್ಚೆಂದರೆ ಒಂದು ಮಿಲಿಮೀಟರ್.

ಮೊದಲು ಕೋವಿ ಯಾರದು ಎಂಬುದನ್ನು ಮನಸ್ಸಿಗೆ ತಂದುಕೋ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಮನೆಯಲ್ಲಿ ಸಾವಾದಾಗ ಎರಡು ಗುಂಡು ಹಾರಿಸುವುದು ನಮ್ಮ ಕೊಡವರ ಪದ್ಧತಿ. ಪುತ್ತರಿಯ ರಾತ್ರಿ ಗದ್ದೆಯಲ್ಲಿ ಮೊದಲ ಕದಿರು ಕೊಯ್ಯುವಾಗಲೂ ಕೋವಿ ಮಾತಾಡಬೇಕು. ಕೈಲ್‌ಪೊಳ್ದ್ ದಿನ ಅದಕ್ಕೆ ತೋಕ್‌ಪೂ ಮುಡಿಸಿ, ದೀಪದ ಮುಂದಿಟ್ಟು ಪೂಜೆ ಮಾಡುತ್ತೇವೆ. ಅಜ್ಜ ಅದನ್ನು ಹಿಡಿದಿದ್ದರು, ನಾಳೆ ನೀನು ಹಿಡಿಯುತ್ತೀಯೆ, ಅಷ್ಟೆ. ಅದು ಒಕ್ಕದ, ಅಂದರೆ ಇಡೀ ಮನೆತನದ ಕೋವಿ. ನಾವು ಲೈಸೆನ್ಸಿಲ್ಲದೆ ಅದನ್ನು ಇಟ್ಟುಕೊಂಡಿರುವುದೂ ನಿನ್ನ ಅಥವಾ ನನ್ನ ಸ್ವಂತ ಯೋಗ್ಯತೆಯಿಂದಲ್ಲ. 1861ರಲ್ಲಿ ಬ್ರಿಟಿಷರು ಕೊಡವರಿಗೆ ನಿಶ್ಶಸ್ತ್ರೀಕರಣ ಕಾನೂನಿನಿಂದ ವಿನಾಯಿತಿ ಕೊಟ್ಟರು. ಸ್ವತಂತ್ರ ಭಾರತದ ಸರ್ಕಾರವೂ ಕೊಡವರಿಗೆ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಅದನ್ನು ಮುಂದುವರಿಸಿತು. ಈಗಿನ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಇದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಿಂದಿನವರ ನಡತೆಗೆ ಸಿಕ್ಕ ಗೌರವವನ್ನು ಇಂದಿನವರಾದ ನಾವು ಅನುಭವಿಸುತ್ತಿದ್ದೇವೆ. ಆದ್ದರಿಂದ ಬಿಲ್ಲೆಯ ಮೇಲೆ ನಿನ್ನೊಬ್ಬನ ಅಕ್ಷರ ಬರುವುದು ನನಗೆ ಒಪ್ಪಿಗೆಯಿಲ್ಲ. ಒಕ್ಕದ ಅಕ್ಷರ ಮೊದಲು ಬರಲಿ.

ಇಲ್ಲಿ ಇನ್ನೊಂದು ಎಚ್ಚರ ಬೇಕು. ಪಾಸ್‌ಪೋರ್ಟಿನಲ್ಲಿ, ಕತಾರ್ ಗುರುತಿನ ಚೀಟಿಯಲ್ಲಿ, ಕಾರ್ಖಾನೆಯ ಗೇಟ್‌ಪಾಸಿನಲ್ಲಿ ನಮ್ಮ ಹೆಸರುಗಳು ಹಿಂದುಮುಂದಾಗಿವೆ. ನಿನ್ನ ಹೆಸರು ಮೊದಲು, ಒಕ್ಕದ ಹೆಸರು ಕೊನೆಗೆ. ಕಚೇರಿಗೆ ಅದು ಸಾಕು, ಕೋವಿಗೆ ಸಾಲದು. ನಮ್ಮಲ್ಲಿ ಒಕ್ಕದ ಹೆಸರು ಮುಂದೆ, ಆಮೇಲೆ ತಂದೆಯದು, ತನ್ನದು ಕೊನೆಗೆ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ಕೊಡಂದೇರ ಮಾದಪ್ಪ ಕಾರ್ಯಪ್ಪ. 1957ರಲ್ಲಿ ಸೇನಾ ಮುಖ್ಯಸ್ಥರಾದವರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಇಬ್ಬರ ಹೆಸರಿನ ಮುಂದೆಯೂ ನಿಂತಿರುವುದು ಅದೇ ಒಂದು ಅಕ್ಷರ, ಅವರ ಮನೆಯದು. ನೀನೂ ಆ ಕ್ರಮದಲ್ಲೇ ಬರೆಸು. ಮತ್ತೆ, ಕನ್ನಡದಲ್ಲೇ ಬರೆಸು. ಒಕ್ಕದ ಮೂಲಮನೆಯಾದ ಐನ್‌ಮನೆಯ ಹಳೆಯ ಕಾಗದಪತ್ರಗಳು ಯಾವ ಲಿಪಿಯಲ್ಲಿವೆ ಎಂದು ಒಮ್ಮೆ ಪೆಟ್ಟಿಗೆ ತೆರೆದು ನೋಡು, ಆಗ ನಾನು ಹೇಳುವುದು ಅರ್ಥವಾಗುತ್ತದೆ.

ಬಿಲ್ಲೆಯ ಮೇಲೆ ಈಗಾಗಲೇ ಸವೆದ ಅಕ್ಷರವೋ ಚಿಹ್ನೆಯೋ ಇದ್ದರೆ ಅದನ್ನು ಮುಟ್ಟಕೂಡದು. ಓದಲು ಬಾರದಿದ್ದರೂ ಇರಲಿ. ಶ್ರೀರಂಗಪಟ್ಟಣದ ಟಿಪ್ಪುವಿನ ಕಾರ್ಖಾನೆಗಳಿಂದ ಬಂದ ಕೋವಿಗಳಲ್ಲಿ ಬೆಳ್ಳಿ ಬಂಗಾರದ ಹುಲಿಪಟ್ಟೆಯ ಜೊತೆಗೆ ಮಾಡಿದವನ ಹೆಸರು, ಊರು, ಮೌಲೂದಿ ಲೆಕ್ಕದ ವರ್ಷ ಎಲ್ಲವೂ ಕೆತ್ತಿರುತ್ತಿದ್ದವು. ಟಿಪ್ಪುವಿನ ಬಗ್ಗೆ ನಮ್ಮ ಮನೆಗಳಲ್ಲಿರುವ ನೋವು ಆರುವಂಥದ್ದಲ್ಲ, ಅದನ್ನು ಮರೆತು ಮಾತಾಡುತ್ತಿಲ್ಲ. ಆದರೆ ಆ ಕುಶಲಿಗಳ ಶಿಸ್ತನ್ನು ನೋಡು. 1799ರ ಲೂಟಿಯಲ್ಲಿ ಹಡಗು ಹತ್ತಿ ಹೋದ ಕೋವಿಗಳನ್ನು ಇಂದಿಗೂ ಇದು ಇಂಥವನು ಇಂಥ ವರ್ಷ ಮಾಡಿದ್ದು ಎಂದು ಗುರುತಿಸಲು ಆಗುವುದು ಆ ಬರಹದಿಂದಲೇ. ಕಾನೂನು ಕೂಡ ಇದೇ ಮಾತು ಹೇಳುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಮಿನ ಪ್ರಕಾರ ಕೋವಿಯ ಮೇಲಿರುವ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದು, ಬದಲಿಸುವುದು ಅಪರಾಧ. ನಳಿಗೆಗೂ ಕಬ್ಬಿಣದ ಭಾಗಗಳಿಗೂ ಯಾರೂ ಉಳಿ ಹಚ್ಚದಿರಲಿ. ನಿನ್ನ ಕೆಲಸ ಖಾಲಿ ಇರುವ ಬೆಳ್ಳಿಯ ಮೇಲೆ ಮಾತ್ರ.

ಇನ್ನು ಜೀವಕ್ಕೆ ಸಂಬಂಧಿಸಿದ ಮಾತು, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯಲ್ಲಿ ಈಡು ಇದೆಯೋ ಇಲ್ಲವೋ ಎಂದು ಹೊರಗಿನಿಂದ ತಿಳಿಯುವುದಿಲ್ಲ. ತೋಟೆ ಕೋವಿಯಂತೆ ಮುರಿದು ನೋಡಲು ಬರುವುದಿಲ್ಲ. ಯಾರೋ ಯಾವಾಗಲೋ ತುಂಬಿಟ್ಟು ಮರೆತ ಮದ್ದು ದಶಕಗಳ ನಂತರವೂ ಹೊತ್ತಿಕೊಳ್ಳಬಲ್ಲದು. ಮೊದಲು ನಿಪ್ಪಲ್ ಮೇಲೆ ಕೇಪು ಇಲ್ಲವೆಂದು ನೋಡಿ, ಆಮೇಲೆ ಗಜವನ್ನು, ಅಂದರೆ ಮದ್ದು ಜಡಿಯುವ ಕಡ್ಡಿಯನ್ನು, ನಿಧಾನವಾಗಿ ನಳಿಗೆಯೊಳಗೆ ತಳಮುಟ್ಟ ಇಳಿಸು. ಬಾಯಿಯ ಮಟ್ಟದಲ್ಲಿ ಅದಕ್ಕೆ ಗುರುತು ಹಾಕಿ ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿಟ್ಟು ಅಳೆ. ಗಜದ ತುದಿ ನಿಪ್ಪಲಿನ ನೇರಕ್ಕೆ ಬರದೆ ಎರಡು ಮೂರು ಬೆರಳಿನಷ್ಟು ಮೇಲೆಯೇ ನಿಂತರೆ ಒಳಗೆ ಏನೋ ಇದೆ ಎಂದೇ ತಿಳಿ. ಆಗ ಅದನ್ನು ಬಲ್ಲವರ ಕೈಗೆ ಕೊಡು, ನೀನು ತೆಗೆಯಲು ಹೋಗಬೇಡ. ಗಜ ಹಾಕುವಾಗ ಮುಖ, ಎದೆ ನಳಿಗೆಯ ಬಾಯಿಯ ನೇರಕ್ಕೆ ಇರಕೂಡದು. ಇಷ್ಟು ಮಾಡದೆ ಕೋವಿಯನ್ನು ಕೆತ್ತನೆಗಾರನ ಮುಂದೆ ಮಲಗಿಸುವುದು ಆ ಮನುಷ್ಯನಿಗೆ ಮಾಡುವ ದ್ರೋಹ.

ಬಿಲ್ಲೆ ಇರುವುದು ಕೋವಿಯ ಕೊರಳಿನ ಮೇಲೆ, ಹೆಬ್ಬೆರಳು ಕೂರುವ ಜಾಗದಲ್ಲಿ. ಇಂಗ್ಲೆಂಡಿನ ಹಳೆಯ ಕೋವಿಗಳಲ್ಲಿ ಒಡೆಯನ ಅಕ್ಷರಕ್ಕೆಂದೇ ಈ ಅಂಡಾಕಾರದ ತಗಡನ್ನು ಕೂರಿಸುತ್ತಿದ್ದರು. ಅದು ಎರಡು ಬಗೆಯಲ್ಲಿ ನಿಂತಿರುತ್ತದೆ. ಕೆಲವಕ್ಕೆ ಕೆಳಗಿನಿಂದ ತಿರುಪು, ಕೆಲವಕ್ಕೆ ಮೇಲಿನಿಂದ ಸಣ್ಣ ಮೊಳೆ ಹೊಡೆದು, ತಲೆಯನ್ನು ಅರದಿಂದ ಉಜ್ಜಿ ಬೆಳ್ಳಿಯೊಳಗೆ ಮಾಯ ಮಾಡಿರುತ್ತಾರೆ. ತಿರುಪಿನದಾದರೆ ಬಿಚ್ಚಿ, ಅಕ್ಕಸಾಲಿಗರು ಮಾಡುವಂತೆ ಅರಗಿನ ಮೇಲೆ ಕೂರಿಸಿ ಕೆತ್ತಬಹುದು. ಮೊಳೆಯದಾದರೆ ಎಬ್ಬಿಸಲು ಹೋಗಬೇಡಿ. ಕೊಡಗಿನ ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಬೆಳ್ಳಿ ಹಾಗೇ ಇರುತ್ತದೆ. ಅಷ್ಟು ವರ್ಷಗಳ ಜಗ್ಗಾಟದಲ್ಲಿ ಬಿಲ್ಲೆಯ ಸುತ್ತಲಿನ ಮರದ ಅಂಚು ಹಪ್ಪಳದಂತೆ ಆಗಿರುತ್ತದೆ, ಒಂದು ಎತ್ತಿಗೆ ಸೀಳು ಬರುತ್ತದೆ. ಅಂಥದ್ದನ್ನು ಕೋವಿಯ ಮೇಲೆಯೇ ಕೆತ್ತಬೇಕು. ಆಗ ಕನ್ನಡ ಅಕ್ಷರ ಕೆತ್ತನೆಗಾರನ ಕೈಯನ್ನು ಪರೀಕ್ಷಿಸುತ್ತದೆ. ಇಂಗ್ಲಿಷಿನ ಎಷ್ಟೋ ಅಕ್ಷರಗಳು ನೇರ ಗೆರೆಗಳಲ್ಲಿ ಮುಗಿಯುತ್ತವೆ. ನಮ್ಮದು ದುಂಡು. ದುಂಡು ಗೆರೆಯನ್ನು ಒಂದೇ ಉಸಿರಿನಲ್ಲಿ ಎಳೆಯಬೇಕಾದರೆ ಉಳಿ ನಿಂತಲ್ಲೇ ನಿಂತು ಬೆಳ್ಳಿ ಅದರ ಕೆಳಗೆ ತಿರುಗಬೇಕು. ಉದ್ದನೆಯ ಕೋವಿ ಹಾಗೆ ತಿರುಗುವುದಿಲ್ಲ, ಕೆತ್ತುವವನೇ ಸುತ್ತ ನಡೆಯಬೇಕು. ಅದಕ್ಕೇ ಅಕ್ಷರಗಳು ಕಡಿಮೆ ಇರಲಿ, ಎತ್ತರ ಐದಾರು ಮಿಲಿಮೀಟರ್ ಸಾಕು, ಅಲಂಕಾರದ ಬಳ್ಳಿ ಬೇಡ.

ಲೋಹ ಯಾವುದೆಂದೂ ನೋಡಿಸು. ಬಿಳಿಯಾಗಿರುವುದೆಲ್ಲ ಬೆಳ್ಳಿಯಲ್ಲ. ತಾಮ್ರ, ನಿಕಲ್, ಸತು ಬೆರೆಸಿದ ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿಯ ಚೂರೂ ಇಲ್ಲ, ಉಳಿಗೂ ಗಡಸು. ಹೊಸ ಬಿಲ್ಲೆ ಮಾಡಿಸುವುದಾದರೆ ನೂರಕ್ಕೆ 92.5 ಪಾಲು ಬೆಳ್ಳಿ, ಉಳಿದದ್ದು ತಾಮ್ರ ಇರುವುದು ಒಳ್ಳೆಯದು. ಅಪ್ಪಟ ಬೆಳ್ಳಿ ತೀರ ಮೆತ್ತಗೆ, ಹೆಬ್ಬೆರಳಿನ ಉಜ್ಜಾಟಕ್ಕೇ ಸವೆಯುತ್ತದೆ.

ನಿಮ್ಮ ವರ್ಕ್‌ಶಾಪಿನಲ್ಲಿ ವಾಲ್ವ್‌ಗಳ ನಂಬರ್ ತಗಡಿನ ಮೇಲೆ ಬರೆಯುವ ಎಲೆಕ್ಟ್ರಿಕ್ ಪೆನ್ನು ಇದೆಯಲ್ಲ, ಅದರಲ್ಲೇ ಮಾಡಿಬಿಡೋಣ ಎಂಬ ಯೋಚನೆ ಬಂದಿದ್ದರೆ ಬಿಟ್ಟುಬಿಡು. ಅದು ಲೋಹವನ್ನು ಕತ್ತರಿಸುವುದಿಲ್ಲ, ಕುಕ್ಕುತ್ತದೆ. ಸಾವಿರ ಚುಕ್ಕೆಗಳ ಒರಟು ಗೆರೆ ಉಳಿಯುತ್ತದೆ. ಕೈ ಉಳಿಯಿಂದ ಸೀಳಿದ ಗೆರೆಯ ಒಳಬದಿ ನುಣುಪಾಗಿರುತ್ತದೆ, ಬೆಳಕು ಹಿಡಿಯುತ್ತದೆ. ವಾಲ್ವ್‌ಗೆ ನಂಬರ್ ಬೇಕು, ಕೋವಿಗೆ ಅಕ್ಷರ ಬೇಕು. ಪೀಚೆಕತ್ತಿಗೆ ಬೆಳ್ಳಿ ಕೆಲಸ ಮಾಡುವ ಕೈಗಳು ನಮ್ಮಲ್ಲಿ ಇನ್ನೂ ಇವೆ, ಅವರಿಗೆ ಕೆಲಸ ಕೊಡು, ಕೇಳಿದಷ್ಟು ಕೂಲಿ ಕೊಡು.

ಮೆಸಯೀದ್‌ನಲ್ಲಿ ಕೂತು ನೀನು ಮಾಡಬಹುದಾದ ಕೆಲಸವೂ ಇದೆ. ಊರಿನಿಂದ ಬಿಲ್ಲೆಯ ಅಚ್ಚು ತರಿಸಿಕೋ. ತೆಳು ಕಾಗದವಿಟ್ಟು ಮೇಲೆ ಪೆನ್ಸಿಲ್ ಉಜ್ಜಿದರೆ ಅಂಚು, ಮೊಳೆ, ಸವೆದ ಗೆರೆ ಎಲ್ಲ ಮೂಡುತ್ತವೆ. ಅದರೊಳಗೆ ಅಕ್ಷರಗಳನ್ನು ಬಿಡುವಿನ ಸಂಜೆಗಳಲ್ಲಿ ಬಿಡಿಸು, ತಿದ್ದು. ಕೆತ್ತನೆಗಾರನಿಗೆ ಆ ಚಿತ್ರ ಹೋಗಲಿ. ಕಾಗದ ಮಾತ್ರ ಗಡಿ ದಾಟಲಿ. ಕೋವಿಯ ಯಾವ ಬಿಡಿಭಾಗವನ್ನೂ ಕತಾರಿಗೆ ತರುವ ಯೋಚನೆ ಮಾಡಬೇಡ, ಇಲ್ಲಿನ ಆಯುಧ ಕಾನೂನು ಕಟ್ಟುನಿಟ್ಟು, ನಮ್ಮ ವಿನಾಯಿತಿ ಕೊಡಗಿನದು.

ಕೆತ್ತಿದ ಮೇಲೆ ಯಂತ್ರದ ಪಾಲಿಶ್ ಚಕ್ರಕ್ಕೆ ಒಡ್ಡಬೇಡಿ, ಅಕ್ಷರದ ಅಂಚು ಕರಗುತ್ತದೆ, ಮರ ತಗ್ಗಾಗುತ್ತದೆ. ಬೆಳ್ಳಿ ಕಪ್ಪಾಗುತ್ತದೆಂದು ಹೆದರಬೇಕಿಲ್ಲ. ಸಂಸ್ಕರಣಾಗಾರದಲ್ಲಿ ಎದೆಗೆ ಸಿಕ್ಕಿಸಿಕೊಳ್ಳುವ ಆ ಸಣ್ಣ ಯಂತ್ರ ಅಳೆಯುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯನ್ನು ಹೇಗೆ ಕಪ್ಪಾಗಿಸುತ್ತದೆಂದು ನಿನಗೆ ಗೊತ್ತು. ಕರಿಮದ್ದಿನಲ್ಲೂ ನೂರಕ್ಕೆ ಸುಮಾರು 10 ಪಾಲು ಗಂಧಕವೇ. ಅದರ ಹೊಗೆ ತಾಗಿ ಗೆರೆಯೊಳಗೆ ಕಪ್ಪು ಕೂತರೆ ಅಕ್ಷರ ಇನ್ನೂ ಚೆನ್ನಾಗಿ ಕಾಣುತ್ತದೆ. ಮೇಲ್ಮೈಯನ್ನು ಮೆತ್ತನೆ ಬಟ್ಟೆಯಿಂದ ಒರೆಸಿ, ಗೆರೆಯ ಕಪ್ಪನ್ನು ಉಳಿಸಿಕೊಳ್ಳಿ.

ಒಕ್ಕದ ಹಿರಿಯರಾದ ಪಟ್ಟೆದಾರರಿಗೆ ಇವತ್ತೇ ಫೋನು ಮಾಡಿ ಒಪ್ಪಿಗೆ ಕೇಳು. ಅವರು ಬೇಡವೆಂದರೆ ಅಲ್ಲಿಗೆ ಬಿಡು. ಒಪ್ಪಿದರೆ, ಒಂದು ಗಟ್ಟಿ ನೋಟ್‌ಬುಕ್ ಕೊಂಡುಕೊಂಡು ಹೋಗು. ಈ ಕೋವಿ ಯಾವಾಗ ಮನೆಗೆ ಬಂತು, ಯಾರು ಯಾರು ಹಿಡಿದರು, ಯಾವ ಮಗುವಿಗೆ ಹಾರಿತು, ಯಾರ ಸಾವಿಗೆ ಹಾರಿತು ಎಂದು ಹಿರಿಯರನ್ನು ಕೇಳಿ ಬರೆದಿಡು. ಬಿಲ್ಲೆಯಲ್ಲಿ ಜಾಗವಿರುವುದು ಮೂರು ಅಕ್ಷರಕ್ಕೆ ಮಾತ್ರ. ಹೇಳಬಲ್ಲ ಹಿರಿಯರು ನಿಮ್ಮ ಒಕ್ಕದಲ್ಲಿ ಈಗ ಕೆಲವೇ ಜನ ಉಳಿದಿದ್ದಾರೆ.